ತೊಗಾವಾನ ಹಾಡು

ನಮ್ಮ ಶಿಯೊಮಿ ಹೆರಾನ್ಸ್ ಬೇಸ್‌ಬಾಲ್ ತಂಡದ ಚರಿತ್ರೆ ಬೇಕಾದವರು ಅವರ ಕಚೇರಿಗೆ ಅಲೆಯಬೇಕಿಲ್ಲ. ಪಂದ್ಯದ ದಿನ ಬಲಗಡೆಯ ಅಗ್ಗದ ಸೀಟುಗಳಲ್ಲಿ ನಮ್ಮ ಮಧ್ಯೆ ಬಂದು ಕೂತರೆ ಸಾಕು. ನಮ್ಮ ಆಟಗಾರರಿಗೆ ನಾವು ಒಂದೊಂದು ಹಾಡು ಕಟ್ಟುತ್ತೇವೆ. ಅವರು ಬ್ಯಾಟು ಹಿಡಿದು ನಿಂತಾಗ ಅದನ್ನು ಹಾಡುತ್ತೇವೆ. ಟ್ರಾಮ್ ಓಡಿಸಿ ನಿವೃತ್ತರಾದ ಉಶಿಯೊ ಸಾನ್ ತುತ್ತೂರಿ ಊದುತ್ತಾರೆ. ಉಡೋನ್ ಶಾವಿಗೆಯ ಅಂಗಡಿಯ ತೊಕಿಯೆ, ಅಂದರೆ ನಾನು, ಡೋಲು ಬಡಿಯುತ್ತೇನೆ. ನನ್ನ ಕೈ ಜೋರು, ಬಾಯಿ ಇನ್ನೂ ಜೋರು ಎಂದು ಊರು ಹೇಳುತ್ತದೆ. ಹೇಳಲಿ ಬಿಡಿ.

ಹಳೆಯ ಮುಕಾಯಿದಾನ ಹಾಡಿನಲ್ಲಿ ಮೀನು ಬರುತ್ತದೆ. ತಂಡ ಹುಟ್ಟಿದ ಹೊಸತರಲ್ಲಿ ಬೆಳಗ್ಗೆ ಮೈದಾನದ ತುಂಬ ಮೀನು ಒಣಹಾಕುತ್ತಿದ್ದರು. ಮಧ್ಯಾಹ್ನ ಅದೇ ವಾಸನೆಯಲ್ಲಿ ಮುಕಾಯಿದಾ ಚೆಂಡೆಸೆಯುತ್ತಿದ್ದ. ಎದುರಾಳಿಗಳು ಮೂಗು ಮುಚ್ಚಿಕೊಂಡೇ ಔಟಾಗುತ್ತಿದ್ದರು ಎಂದು ಅಪ್ಪ ನಗುತ್ತಿದ್ದರು. ಒನೊಡೆರಾನ ಹಾಡಿನಲ್ಲಿ ನಮಗೆ ದಕ್ಕಿದ ಒಂದೇ ಒಂದು ಚಾಂಪಿಯನ್ ಪಟ್ಟವಿದೆ. ಈಗಿನ ಹೀರೊ ಹಯಾಸೆಯ ಹಾಡಂತೂ ಶಾಲೆಯ ಮಕ್ಕಳಿಗೆಲ್ಲ ಬಾಯಿಪಾಠ. ಎಲ್ಲಕ್ಕೂ ಒಂದೇ ಕಟ್ಟಳೆ: ಆಟಗಾರನ ಹೆಸರು ಹಾಡಿನ ಕೊನೆಯಲ್ಲಿ ಬರಬೇಕು, ಎಲ್ಲರೂ ಮೂರು ಸಲ ಕೂಗಬೇಕು.

ತೊಗಾವಾನಿಗೆ ಮಾತ್ರ ಹಾಡಿರಲಿಲ್ಲ. ಅವನದು ಬಂಟ್ ಮಾಡುವ ಕೆಲಸ. ಬ್ಯಾಟು ಬೀಸದೆ ಅಡ್ಡ ಹಿಡಿದು, ಚೆಂಡನ್ನು ಮೆಲ್ಲಗೆ ನೆಲಕ್ಕೆ ಬೀಳಿಸಿ, ತಾನು ಔಟಾಗಿ, ಬೇಸಿನಲ್ಲಿ ಕಾಯುತ್ತಿರುವ ಗೆಳೆಯನನ್ನು ಮುಂದಿನ ಬೇಸಿಗೆ ದಾಟಿಸುವುದು. ಹಾಗೆ ನಾಲ್ಕು ಬೇಸು ಸುತ್ತಿ ಬಂದರೆ ಒಂದು ರನ್. ಮೊದಲ ಚೆಂಡಿಗೇ ಮುಗಿಸಿಬಿಡುತ್ತಿದ್ದ. ನಾವು ಬಾಯಿ ತೆರೆಯುವಷ್ಟರಲ್ಲಿ ಆಸಾಮಿ ನಾಪತ್ತೆ. ಹಯಾಸೆ ತಂದ ಗೆಲುವುಗಳಲ್ಲಿ ಎಷ್ಟೋ ಇವನು ದಾಟಿಸಿಕೊಟ್ಟದ್ದರಿಂದ ಬಂದವು. ಪತ್ರಿಕೆಯಲ್ಲಿ ಬರುತ್ತಿದ್ದದ್ದು ಹಯಾಸೆಯ ಫೋಟೊ.

ಆ ವರ್ಷ ತೊಗಾವಾ ಆಟ ಬಿಡುತ್ತಾನೆಂದು ಗೊತ್ತಾದದ್ದೇ ತಡ, ಹಟ ಹಿಡಿದು ಉಶಿಯೊ ಸಾನ್ ಕೈಲಿ ಹಾಡು ಕಟ್ಟಿಸಿದೆ.

"ಹೆಸ್ರು ಮೊದ್ಲೇ ಹಾಕ್ಬಿಡಿ, ಉಶಿಯೊ ಸಾನ್. ಕೊನೇವರ್ಗೂ ಅವ್ನು ನಿಲ್ಲಲ್ಲ."

"ಮುಕಾಯಿದಾಗೊಂದು ನ್ಯಾಯ, ಇವ್ನಿಗೊಂದು ನ್ಯಾಯಾನಾ? ಕೊನೇಲೇ ಬರೋದು."

"ವಯಸ್ಸಾದಷ್ಟೂ ಮೊಂಡುತನ ಜಾಸ್ತಿ ನಿಮಗೆ."

"ನಿನ್ನಷ್ಟಿಲ್ಲ ಬಿಡಮ್ಮ."

ಕೊನೆಯ ಪಂದ್ಯದ ಹಿಂದಿನ ದಿನ ತೊಗಾವಾ ಅಂಗಡಿಗೆ ಬಂದ. ಬಟ್ಟಲು ಮುಂದಿಟ್ಟು ಕೇಳಿಯೇಬಿಟ್ಟೆ.

"ನಾಳೆ ಒಂದೆರಡು ಚೆಂಡು ಬಿಟ್ಟು ನಿಂತ್ಕೊಳೋ ಮಾರಾಯ. ನಿಂಗೊಂದು ಹಾಡು ಕಟ್ಟಿದೀವಿ."

ಅವನು ತಿನ್ನುವುದನ್ನು ನಿಲ್ಲಿಸಿದ. "ನಂಗಾ?" ಎಂದ. ಆಮೇಲೆ ತಲೆ ಅಲ್ಲಾಡಿಸಿದ. "ಒಳ್ಳೇ ಚೆಂಡು ಬಂದ್ರೆ ಬಿಡಕ್ಕಾಗಲ್ಲ ಅಕ್ಕಾ. ಹಾಡಿಗೋಸ್ಕರ ಆಟ ಕೆಡಿಸಿದ್ರೆ, ಅದನ್ನ ಕೇಳೋಕೆ ನಂಗೆ ಮುಖ ಎಲ್ಲಿರುತ್ತೆ?"

"ಹಾಗಾದ್ರೆ ಸುಮ್ನೆ ತಿಂದು ಹೋಗು," ಎಂದು ಗದರಿ, ಅವನ ಬಟ್ಟಲಿಗೆ ಇನ್ನೊಂದು ಸಿಗಡಿ ಹಾಕಿದೆ.

ಮರುದಿನ ಮಧ್ಯಾಹ್ನ ಎರಡೂ ತಂಡಗಳು ಸಮಸಮ ಇದ್ದವು. ಹಯಾಸೆ ಮೊದಲ ಬೇಸಿನಲ್ಲಿ ನಿಂತಿದ್ದ. ತೊಗಾವಾ ಬ್ಯಾಟು ಹಿಡಿದು ಬಂದ. ತುತ್ತೂರಿ ಮೊಳಗಿತು, ನಾನು ಬಡಿದೆ, ಎಲ್ಲರೂ ಹಾಡತೊಡಗಿದರು. ಮೊದಲ ಸಾಲು ಮುಗಿಯುವ ಮೊದಲೇ ಎದುರಾಳಿ ಚೆಂಡೆಸೆಯಲು ಸಿದ್ಧನಾದ. ಹೋಯಿತು, ಎಲ್ಲ ಹೋಯಿತು ಎಂದುಕೊಂಡೆ.

ಆಗ ಹಯಾಸೆ ಕೈಯೆತ್ತಿದ. ಆಟ ನಿಲ್ಲಿಸಲು ಅಂಪೈರನ್ನು ಕೇಳಿ, ಬಗ್ಗಿ ಶೂ ಲೇಸು ಬಿಚ್ಚಿ ಕಟ್ಟಿದ. ಆರಾಮಾಗಿ ಕಟ್ಟಿದ. ಎದ್ದ. ಇನ್ನೊಂದು ಶೂ ನೋಡಿಕೊಂಡ, ಮತ್ತೆ ಬಗ್ಗಿದ. ಜನ ನಗತೊಡಗಿದರು. ಹಾಡಿನಲ್ಲಿ ಇನ್ನೂ ಒಂದು ಸಾಲು ಬಾಕಿಯಿತ್ತು. ಅಂಪೈರ್ ಒಮ್ಮೆ ನಮ್ಮ ಕಡೆ ನೋಡಿದರು. ಜೇಬಿನಿಂದ ಬ್ರಷ್ ತೆಗೆದು, ತೊಗಾವಾನ ಮುಂದೆ ನೆಲದಲ್ಲಿದ್ದ, ಒಂದು ಚೂರೂ ಮಣ್ಣಿಲ್ಲದ ಬಿಳಿ ಪ್ಲೇಟನ್ನು ಗುಡಿಸಲು ಕೂತರು.

"ತೊಗಾವಾ! ತೊಗಾವಾ! ತೊಗಾವಾ!"

ಅವನು ನಮ್ಮತ್ತ ತಿರುಗಲಿಲ್ಲ. ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡು ಬ್ಯಾಟು ಅಡ್ಡ ಹಿಡಿದ. ಮೊದಲ ಚೆಂಡಿಗೇ ಬಂಟ್, ಮೊದಲ ಚೆಂಡಿಗೇ ಔಟ್. ಹಯಾಸೆ ಎರಡನೇ ಬೇಸಿಗೆ ದಾಟಿದ. ಅಲ್ಲಿ ನಿಂತು ಹೆಲ್ಮೆಟ್ ತೆಗೆದು, ಹಿಂದಿರುಗಿ ನಡೆಯುತ್ತಿದ್ದ ತೊಗಾವಾನ ಕಡೆಗೆ ಸೊಂಟ ಬಗ್ಗಿಸಿ ನಮಸ್ಕರಿಸಿದ. ತೊಗಾವಾ ಒಳಗೆ ಹೋಗುವವರೆಗೂ ಹಯಾಸೆ ತಲೆ ಎತ್ತಲಿಲ್ಲ.

ಮುಂದಿನ ಬ್ಯಾಟುಗಾರ ಬಂದು ನಿಂತ. ಉಶಿಯೊ ಸಾನ್‌ಗೆ ಊದಲಾಗಲಿಲ್ಲ, ನನಗೆ ಬಡಿಯಲಾಗಲಿಲ್ಲ. ಪಾಪ, ಅವನು ಹಾಡಿಲ್ಲದೆಯೇ ಆಡಬೇಕಾಯಿತು.