ಡಬ್ಬಿಯೊಳಗಿನ ಹೊಲಿಗೆ

ಸೋದರಮಾವ ಮೇಜಿನ ಮೇಲಿದ್ದ ಕಂಪ್ಯೂಟರ್ ಡಬ್ಬಿಯ ಒಂದು ಬದಿ ಎತ್ತಿದ್ದರು. ಇನ್ನೊಂದು ಬದಿಯನ್ನು ಮಗಳು ಒತ್ತಿ ಹಿಡಿದಿದ್ದಳು. ನಡುಮನೆಯಲ್ಲಿ ತೀರಿಕೊಂಡ ಅಮ್ಮನನ್ನು ಮಲಗಿಸಿದ್ದರು. ಬಂದವರು ತಂದ ಹೂವಿಡಲು ಮೇಜು ಬೇಕಿತ್ತು. ಮಾವನ ಮಾತು ನ್ಯಾಯವೇ, ಆದರೂ ಮಗಳು ಕೈ ಬಿಡಲಿಲ್ಲ.

ಹೇಗಿದ್ದರೂ ಕೆಟ್ಟ ಡಬ್ಬಿ, ಗುಜರಿಯವನಿಗೆ ಹಾಕಿದರಾಯಿತು ಎಂದರು ಮಾವ. ಅಕ್ಕನಿಗೆ ಅರುವತ್ತಕ್ಕೆ ಅರಳು ಮರಳು ಎಂದು ಊರೆಲ್ಲ ಆಡಿಕೊಂಡು ಬಂದವರು, ಇವತ್ತು ಆ ಮಾತನ್ನು ನುಂಗಿಕೊಂಡರು. ಅಷ್ಟರಮಟ್ಟಿಗೆ ದೊಡ್ಡ ಮನುಷ್ಯರು.

"ಕೆಟ್ಟಿದೆ ಅಂತ ಯಾರು ಹೇಳಿದ್ದು?" ಎಂದಳು ಮಗಳು. "ರಿಪೇರಿಯಣ್ಣ ಬಂದು ನೋಡ್ಲಿ. ಅಮ್ಮನ್ನ ಕರ್ಕೊಂಡು ಹೋಗೋಕೆ ಮುಂಚೆ ನಂಗೆ ಗೊತ್ತಾಗ್ಬೇಕು."

*

ಅಮ್ಮ ದುಡಿದಷ್ಟು ಕಾಲವೂ ಚೀಲದ ಕಾರ್ಖಾನೆಯಲ್ಲಿ ಕಂಪ್ಯೂಟರ್ ಚೀಲ ಹೊಲಿದವಳು. ಕೆಲಸ ಬಿಟ್ಟ ಮೇಲೆ ಒಂದು ದಿನ ಬ್ಯಾಟರಿಗೆ ವೈರು ಸಿಕ್ಕಿಸಿ ಕಾಳಿನಷ್ಟು ಪುಟ್ಟ ಬಲ್ಬು ಹೊತ್ತಿಸಿದಳು. ಸೂರ್ಯನನ್ನು ತಾನೇ ಕಂಡುಹಿಡಿದವಳ ಹಾಗೆ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದಳು. ಆಮೇಲೆ ಬೆಸುಗೆ ಕಲಿಯಲು ಹೋಗಿ ಮೇಜುಬಟ್ಟೆ ಸುಟ್ಟಳು, ಬೆರಳೂ ಸುಟ್ಟುಕೊಂಡಳು. ಬೀದಿ ಮೂಲೆಯ ಅಂಗಡಿಯ ರಿಪೇರಿಯಣ್ಣನ ತಲೆ ತಿಂದು ತಿಂದು ಹಳೆಯ ಬಿಡಿಭಾಗಗಳನ್ನು ಒಂದೊಂದಾಗಿ ತಂದಳು. ಈ ವಯಸ್ಸಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ಮಗಳು ಕೇಳಿದ್ದೂ ಉಂಟು.

"ಇಷ್ಟು ಕಾಲ ಅದಕ್ಕೆ ಅಂಗಿ ಹೊಲಿದೆ ಕಣೇ. ಒಂದ್ಸಲ ಮೈ ಹೆಂಗಿದೆ ಅಂತ ನೋಡೋದು ಬೇಡ್ವಾ?"

ಮೊನ್ನೆ ಸಂಜೆ ಅಮ್ಮ ಎಲ್ಲ ಜೋಡಿಸಿ ಸ್ವಿಚ್ಚು ಒತ್ತಿದಳು. ಡಬ್ಬಿ ಗಪ್‌ಚಿಪ್. ಮತ್ತೆ ಒತ್ತಿದಳು. ಅವಳ ಮುಖ ಬಾಡಿದ್ದನ್ನು ಮಗಳು ಕಂಡಳು. ಎಲ್ಲೋ ಒಂದು ಹೊಲಿಗೆ ತಪ್ಪಿದೆ, ಬೆಳಿಗ್ಗೆ ಬಿಚ್ಚಿ ನೋಡುತ್ತೇನೆ ಎಂದು ಮಲಗಿದವಳು ಬೆಳಿಗ್ಗೆ ಏಳಲಿಲ್ಲ. ಸೋತೆ ಅಂದುಕೊಂಡೇ ಹೋದಳೇ? ಮಗಳಿಗೆ ಗೊತ್ತಾಗಬೇಕಿದ್ದದ್ದು ಅದೊಂದೇ.

*

ರಿಪೇರಿಯಣ್ಣ ಬಂದ. ಅಮ್ಮನ ಕಾಲ ಬಳಿ ನಿಂತು ಕಣ್ಣೊರೆಸಿಕೊಂಡ. ಮಗಳು ಕೇಳಿದ್ದಕ್ಕೆ ಡಬ್ಬಿಯ ಬದಿಯ ತಗಡು ಬಿಚ್ಚಿದ. ಬಿಚ್ಚಿದವನು ಹಾಗೇ ನಿಂತುಬಿಟ್ಟ.

ಅವನ ಅಂಗಡಿಯಲ್ಲಿ ವೈರುಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ತುದಿ ಕತ್ತರಿಸಿದರೆ ಮುಗಿಯಿತು. ಇಲ್ಲಿ ವೈರುಗಳೆಲ್ಲ ಮೇಣ ಸವರಿದ ದಾರದಲ್ಲಿ ಹೊಲಿಸಿಕೊಂಡು ಸಾಲಾಗಿ ಮಲಗಿದ್ದವು. ಬೆರಳಗಲಕ್ಕೊಂದು ಗಂಟು, ಎಲ್ಲ ಗಂಟೂ ಒಂದೇ ಕಡೆ ಮುಖ ಮಾಡಿ. ತಿರುವಿನಲ್ಲೂ ಒಂದೆಳೆಯೂ ಮುರುಟಿರಲಿಲ್ಲ. ಮುಚ್ಚಿದರೆ ಯಾರ ಕಣ್ಣಿಗೂ ಬೀಳದ ಹಿಂಬದಿಯಲ್ಲೂ ಅದೇ ಅಚ್ಚುಕಟ್ಟು.

"ಇದನ್ನ ನಾನು ಹೇಳ್ಕೊಟ್ಟಿಲ್ಲ," ಎಂದ ಮೆಲ್ಲಗೆ. "ನಂಗೆ ಬರೋದೂ ಇಲ್ಲ."

ತಪ್ಪು ಹುಡುಕಲು ಹೊತ್ತು ಹಿಡಿಯಲಿಲ್ಲ. ಸ್ವಿಚ್ಚಿನ ಎರಡೆಳೆ ವೈರು ತನ್ನ ಜಾಗ ಬಿಟ್ಟು ಪಕ್ಕದ ಪುಟ್ಟ ಲೋಹದ ಕಡ್ಡಿಗಳ ಮೇಲೆ ಕೂತಿತ್ತು. ಹೊಸದಾಗಿ ಕಲಿಯುವವರೆಲ್ಲ ಎಡವುವುದು ಅಲ್ಲೇ, ತಾನೂ ಎಡವಿದವನೇ ಎಂದ. ಆದರೆ ಅದನ್ನು ಸರಿಸಲು ಹೊಲಿಗೆ ಕತ್ತರಿಸಬೇಕಾದೀತೆಂದು ಅವನ ಕೈ ಹಿಂದೆ ಸರಿಯಿತು. ಮಗಳು ಬೆರಳಿಟ್ಟು ತೋರಿಸಿದಳು. ಆ ಎರಡೆಳೆಗೆ ಮಾತ್ರ ಗಂಟು ಬಿದ್ದಿರಲಿಲ್ಲ. ಸೂಜಿ ಇನ್ನೂ ದಾರದಲ್ಲೇ ನೇತಾಡುತ್ತಿತ್ತು. ಚೀಲಕ್ಕೆ ಭಾರ ತುಂಬಿ ಎತ್ತಿ ನೋಡುವ ತನಕ ಅಮ್ಮ ಯಾವತ್ತೂ ಕೊನೆಯ ಗಂಟು ಹಾಕಿದವಳಲ್ಲ. ಇದನ್ನೂ ಬೆಳಿಗ್ಗೆ ಸರಿಮಾಡಿ ನೋಡಿದ ಮೇಲೆ ಗಂಟು ಹಾಕೋಣವೆಂದೇ ಬಿಟ್ಟಿದ್ದಳು.

ರಿಪೇರಿಯಣ್ಣ ಎಳೆಗಳನ್ನು ಸರಿಯಾದ ಜಾಗಕ್ಕೆ ಕೂರಿಸಿ ಪ್ಲಗ್ಗು ಹಾಕಿದ. ಒತ್ತಲು ಮಗಳಿಗೇ ಹೇಳಿದ. ಒಳಗಿನ ಫ್ಯಾನು ಒಮ್ಮೆ ನಡುಗಿ, ತಿರುಗತೊಡಗಿತು. ಪಕ್ಕದಲ್ಲಿದ್ದ ಹಳೆಯ ಕಂಪ್ಯೂಟರ್ ಪರದೆಯ ಮೇಲೆ ಬಿಳಿ ಅಕ್ಷರಗಳು ಮೂಡಿದವು. ಅಳುತ್ತಿದ್ದವರೂ ಕತ್ತೆತ್ತಿ ನೋಡಿದರು. ಮಾವ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತರು.

"ಅಮ್ಮ ಸೋತಿರಲಿಲ್ಲ ಮಾವ," ಎಂದಳು ಮಗಳು. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು.

ಆಮೇಲೆ ಡಬ್ಬಿಯನ್ನು ಆರಿಸಿ, ಸೂಜಿ ಹಿಡಿದು, ಅಮ್ಮ ಬಿಟ್ಟಿದ್ದ ಕೊನೆಯ ಗಂಟನ್ನು ತಾನೇ ಹಾಕಿದಳು. ಅದು ಉಳಿದವುಗಳಷ್ಟು ನೆಟ್ಟಗೆ ಬರಲಿಲ್ಲ.

ಅಮ್ಮನನ್ನು ಕರೆದೊಯ್ಯುವ ವಾಹನ ಬಂದು ಬಾಗಿಲಲ್ಲಿ ನಿಂತಿತು. ಯಾರೂ ಅವಸರ ಮಾಡಲಿಲ್ಲ. ಜನ ಒಬ್ಬೊಬ್ಬರಾಗಿ ಡಬ್ಬಿಯೊಳಗೆ ಬಗ್ಗಿ ನೋಡಿದರು. ಅಮ್ಮನ ಮುಖ ಆಗಲೇ ನೋಡಿ ಆಗಿದ್ದವರೂ ಮತ್ತೆ ಅವಳ ಬಳಿ ಬಂದು ನಿಂತರು. ಮಾವ ಎದ್ದು ಹೋಗಿ, ಅಕ್ಕನ ಕೈಗಳನ್ನು ಮುಚ್ಚಿದ್ದ ಹೂವನ್ನೆಲ್ಲ ಮೆಲ್ಲಗೆ ಪಕ್ಕಕ್ಕೆ ಸರಿಸಿದರು, ಸುಟ್ಟ ಕಲೆಯ ಬೆರಳುಗಳು ಎಲ್ಲರಿಗೂ ಕಾಣುವ ಹಾಗೆ.