ಗಂಟಿಲ್ಲದ ಅಂಗಿ

ಬಣ್ಣದ ಮನೆಯಲ್ಲಿ ಕೆಲಸ ಮಾಡುವವರಿಗೆ ಮಧ್ಯಾಹ್ನವೆಂದರೆ ಅರ್ಧ ಕನಸು. ನೂಲು ಬಣ್ಣಕ್ಕೆ ಅದ್ದುವ ಹಂಡೆಗಳ ಹಬೆ ತಲೆಗೇರಿ, ಮನೆಗೆ ಬಂದ ಮೇಲೂ ಗೋಡೆಗಳು ಒಮ್ಮೆ ನೀಲಿ, ಒಮ್ಮೆ ಕೇಸರಿ ಆಗುತ್ತಿರುತ್ತವೆ. ಅಂಥದೊಂದು ಮಧ್ಯಾಹ್ನ ನಾನು ತಂಗಿಯ ಸೂಟ್‌ಕೇಸಿನ ಮುಂದೆ ಕೂತಿದ್ದೆ. ಕಣ್ಣಿನ ಆಪರೇಷನ್ನಿಗೆಂದು ಅವಳು ಸಮುದ್ರದಾಚೆಯ ದೇಶಕ್ಕೆ ಹೊರಟಿದ್ದಳು. ಚಿಕ್ಕವಳಿದ್ದಾಗ ಬಂದ ಜ್ವರ ಅವಳ ಎರಡೂ ಕಣ್ಣಿನ ಮೇಲೆ ಬಿಳಿ ಪರದೆ ಎಳೆದು ಹೋಗಿತ್ತು. ಅದನ್ನು ತೆಗೆಯಬಹುದು, ಆಗದೆಯೂ ಇರಬಹುದು ಎಂದಿದ್ದರು ಅಲ್ಲಿಯ ಡಾಕ್ಟರು. ವೀಸಾ ಅವಳೊಬ್ಬಳಿಗೇ ಸಿಕ್ಕಿತ್ತು. ಆ ಸಿಟ್ಟನ್ನೆಲ್ಲ ನಾನು ಸೂಟ್‌ಕೇಸಿನ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ನನ್ನಷ್ಟು ಜಾಣತನದಿಂದ ಪ್ಯಾಕ್ ಮಾಡುವವರು ಯಾರಿದ್ದಾರೆ, ಹೇಳಿ. ಭಾರದ್ದು ಚಕ್ರದ ಕಡೆಗೆ, ಸ್ವೆಟರು ಸುರುಳಿ ಸುತ್ತಿ ಅಂಚಿಗೆ, ಮಾತ್ರೆ ಕೈಚೀಲಕ್ಕೆ. ಸೂಟ್‌ಕೇಸು ಕಳೆದುಹೋದರೆ ಇರಲೆಂದು ಒಂದು ಜೊತೆ ಬಟ್ಟೆಯೂ ಕೈಚೀಲಕ್ಕೇ. ನಮ್ಮ ಬಣ್ಣದ ಮನೆಯಲ್ಲಿ ನೂಲಿನ ಲಡಿಗಳಿಗೆ ಚೀಟಿ ಅಂಟಿಸುವುದಿಲ್ಲ, ಹಂಡೆಯಲ್ಲಿ ಕರಗಿಹೋಗುತ್ತದೆ. ಗುರುತಿಗೆ ತುದಿಯಲ್ಲಿ ದಾರದ ಗಂಟು ಹಾಕುತ್ತೇವೆ. ತಂಗಿಯ ಬಟ್ಟೆಗಳ ಅಂಚಿಗೂ ನಾನು ಅದನ್ನೇ ಮಾಡಿಕೊಂಡು ಬಂದವಳು. ಒಂದು ಗಂಟಿದ್ದರೆ ನೀಲಿ, ಎರಡಿದ್ದರೆ ಹಸಿರು. ಅವಳು ಬೆರಳಾಡಿಸಿ ಬಣ್ಣ ಹೇಳಿದರೆ ನೋಡಿದವರು ಮೂಗಿನ ಮೇಲೆ ಬೆರಳಿಡುತ್ತಾರೆ. ಹಳೆಯ ಗಂಟುಗಳು ಸವೆದಿದ್ದವು. ಎಲ್ಲ ಬಿಚ್ಚಿ ಹೊಸದಾಗಿ, ಗಟ್ಟಿಯಾಗಿ ಹಾಕಿದೆ. ಅವಳ ಊರುಗೋಲಿನದು ಸವೆದರೆ ಇರಲೆಂದು ಇನ್ನೊಂದು ರಬ್ಬರ್ ತುದಿಯನ್ನೂ ಬಟ್ಟೆಗಳ ನಡುವೆ ಇಟ್ಟೆ.

ತಂಗಿ ಕಿಟಕಿಯ ಬಳಿ ಬಿಸಿಲಿಗೆ ಮುಖ ಕೊಟ್ಟು ಕೂತು ತನ್ನ ಕನಸು ಹೇಳುತ್ತಿದ್ದಳು. ಕನಸಿನಲ್ಲಿ ಅವಳಿಗೆ ಎಲ್ಲವೂ ಕಾಣುತ್ತದಂತೆ. ನಮ್ಮ ಬೀದಿ, ಬೀದಿಯ ಕೊನೆಗೆ ಸಮುದ್ರ, ಸಮುದ್ರದುದ್ದಕ್ಕೂ ಒಣಹಾಕಿದ ಬಣ್ಣದ ನೂಲು. ಆ ನೂಲು ಹಿಡಿದುಕೊಂಡೇ ಅವಳು ಆಚೆ ದಡಕ್ಕೆ ನಡೆದು ಹೋಗುತ್ತಾಳಂತೆ. ಬೀದಿಯ ಕೊನೆಗಿರುವುದು ಬಸ್ ಡಿಪೋ ಮಾರಾಯ್ತಿ ಎಂದೆ. ನಿನ್ನ ತಲೆ ಎಂದಳು.

ಆಮೇಲೆ ಬಂದು ಪಕ್ಕದಲ್ಲಿ ಕೂತು ಸೂಟ್‌ಕೇಸಿಗೆ ಕೈ ಹಾಕಿದಳು. ಒಂದೊಂದೇ ಬಟ್ಟೆಯ ಅಂಚು ಸವರಿದಳು. ಕೊನೆಗೆ ಕೈ ಆ ರಬ್ಬರ್ ತುದಿಯ ಮೇಲೆ ನಿಂತಿತು.

"ಅಕ್ಕಾ, ಕಣ್ಣಿನ ಪಟ್ಟಿ ಬಿಚ್ಚೋ ದಿನ ಏನು ಹಾಕ್ಕೊಳ್ಳಲಿ?"

"ಯಾವುದಾದ್ರೂ ಹಾಕ್ಕೋ. ಎಲ್ಲದಕ್ಕೂ ಗಂಟು ಹಾಕಿದೀನಲ್ಲ."

"ಅದೇ. ಎಲ್ಲದಕ್ಕೂ ಹಾಕಿದೀಯ."

ಆಗಲೇ ನನಗೆ ಹೊಳೆದದ್ದು. ಚಳಿಗೆ, ಮಳೆಗೆ, ಸಾಮಾನು ಕಳೆಯುವುದಕ್ಕೆ, ಜಾರಿ ಬೀಳುವುದಕ್ಕೆ ತಯಾರಿ ಮಾಡಿದ್ದೆ. ಅವಳಿಗೆ ಕಣ್ಣು ಬಂದರೆ ಎಂಬುದಕ್ಕೆ ಒಂದು ಕರ್ಚೀಫನ್ನೂ ಇಟ್ಟಿರಲಿಲ್ಲ. ಆಸೆಪಟ್ಟು, ಅದು ಆಗದೆ ಹೋದರೆ ತಡೆದುಕೊಳ್ಳಲಾರೆ ಎಂಬ ಹೆದರಿಕೆ ನನ್ನದು; ಹಾಗೇ ಹೇಳಿದೆ. ಹೆದರಿಕೆ ತನಗೂ ಇದೆ ಎಂದಳು. ಆದರೂ ಗಂಟಿಲ್ಲದ ಅಂಗಿ ಒಂದಾದರೂ ಬೇಕು, ಅದರ ಬಣ್ಣ ಮಾತ್ರ ಹೇಳಕೂಡದು ಎಂದು ಹಟ ಹಿಡಿದಳು.

ಅಂಗಡಿ ಅಂಗಡಿ ಅಲೆದು ಒಂದನ್ನು ತಂದಿಟ್ಟೆ. ದಿನವಿಡೀ ಬಣ್ಣದಲ್ಲೇ ಮುಳುಗೇಳುವ ನನಗೆ ಒಂದು ಬಣ್ಣ ಆರಿಸುವುದರಲ್ಲಿ ಸಾಕುಸಾಕಾಯಿತು. ಅದರ ಹೆಸರು ನಾಲಿಗೆಯ ತುದಿಯಲ್ಲೇ ಕೂತಿತ್ತು. ವಿಮಾನ ನಿಲ್ದಾಣದವರೆಗೂ ತುಟಿ ಕಚ್ಚಿಕೊಂಡೇ ಹೋದೆ.

ಗಾಜಿನ ಬಾಗಿಲ ಬಳಿ ಸಮವಸ್ತ್ರದ ಹುಡುಗಿಯೊಬ್ಬಳು ಬಂದು ತಂಗಿಯ ತೋಳು ಹಿಡಿದಳು. ಎರಡು ಹೆಜ್ಜೆ ಹೋದ ತಂಗಿ ನಿಂತು ನನ್ನ ಕಡೆ ತಿರುಗಿದಳು.

"ವಾಪಸ್ ಬರೋ ದಿನ ಇಲ್ಲೇ ನಿಂತಿರು. ಕೂಗಬೇಡ, ಕೆಮ್ಮಬೇಡ. ಇಷ್ಟು ಜನರಲ್ಲಿ ನಿನ್ನ ನಾನೇ ಹುಡುಕ್ತೀನಿ."

ಅವಳು ಕೊನೆಯ ಸಲ ನನ್ನನ್ನು ನೋಡಿದಾಗ ನನಗೆ ಎರಡು ಜಡೆಯಿತ್ತು. ಈಗ ತಲೆಯೆಲ್ಲ ನರೆತಿದೆ, ಕೆನ್ನೆ ಗುಳಿಬಿದ್ದಿದೆ. ಈ ಮುದುಕಿಯನ್ನು ಅವಳು ಹೇಗೆ ಗುರುತು ಹಿಡಿದಾಳು ಎನ್ನಿಸಿ, ಎದ್ದಾಗಿನಿಂದ ಮಲಗುವವರೆಗೆ ವಟವಟ ಎನ್ನುವ ನಾನು ಆಗಲಿ ಎಂದು ಬರೀ ತಲೆಯಾಡಿಸಿದೆ.

ತಂಗಿ ಕಾಯುತ್ತ ನಿಂತೇ ಇದ್ದಳು.

"ಹೂಂ ಅನ್ನು, ಅಕ್ಕಾ," ಎಂದಳು.

ಹೂಂ ಎಂದೆ.