ಹಾಲು ಕುಡಿದ ಉಪವಾಸ

ಸೌದೆ ಕೊಟ್ಟಿಗೆಯಲ್ಲಿ ಚೈತ್ರ ಬೋನಿನೊಳಗಿನಿಂದ ಬಟ್ಟಲನ್ನು ಹೊರಗೆಳೆದಳು. ತಳದಲ್ಲಿ ಎರಡು ಚಮಚದಷ್ಟು ಹಾಲು ಉಳಿದಿತ್ತು. ಅಂಚಿಗೆ ಬಾಳೆಹಣ್ಣಿನ ತುಣುಕು ಅಂಟಿತ್ತು. ಮೂಲೆಯಲ್ಲಿ ಬೂದುಬಣ್ಣದ ಹೆಣ್ಣು ಬೆಕ್ಕು ಮೂತಿ ನೆಕ್ಕಿಕೊಳ್ಳುತ್ತಿತ್ತು.

"ಇದನ್ನ ಯಾರು ಕೊಟ್ರು?"

"ನಾನೇ ಕಣಮ್ಮಿ, ಈಗ್ತಾನೆ. ಯಾಕ?" ಸೋದರತ್ತೆ ಚಿಕ್ಕಮಲ್ಲಮ್ಮ ಬಾಗಿಲಲ್ಲಿ ನಿಂತಿದ್ದಳು. ಅತ್ತು ಅವಳ ದನಿ ಒಡೆದಿತ್ತು.

"ಉಪವಾಸ ಇದೆ ಅಂತ ಹೇಳಿರ್ಲಿಲ್ವಾ ಅತ್ತೆ?"

"ಹೇಳ್ದೆ. ಅದ್ಕೇ ಅನ್ನ ಆಕ್ನಿಲ್ಲ. ನಾನೂ ಸೋಮಾರ ಸೋಮಾರ ಉಪಾಸ ಮಾಡ್ತೀನಿ. ಹಾಲು, ಬಾಳೆಹಣ್ಣು ತಕ್ಕಂಡ್ರ ಉಪಾಸ ಕೆಟ್ಟೋದದಾ? ಮೂಕ್ ಪ್ರಾಣಿ ಇಂಗೆ ಅರಚ್ತಾ ಇದ್ರ ನನ್ ತಮ್ಮನ ಜೀವ ಎಂಗೆ ನೆಮ್ಮದಿಯಾಗಿ ಓಯ್ತದ?"

"ಇದು ದೇವರ ಉಪವಾಸ ಅಲ್ಲ. ಆಪರೇಷನ್ದು. ಪ್ರಜ್ಞೆ ತಪ್ಪಿಸೋ ಇಂಜೆಕ್ಷನ್ ಕೊಟ್ಟಾಗ ವಾಂತಿಯಾದ್ರೆ ಉಸಿರಿನ ನಾಳಕ್ಕೆ ಹೋಗ್ತದೆ. ಸತ್ತೋಗ್ತದೆ."

ಚಿಕ್ಕಮಲ್ಲಮ್ಮ ಬಟ್ಟಲನ್ನೇ ನೋಡಿದಳು. ಗಂಟೆ ಒಂಬತ್ತೂವರೆ. ಮನೆಯ ಮುಂದೆ ಚಟ್ಟಕ್ಕೆ ಬಿದಿರು ಕಡಿಯುತ್ತಿದ್ದರು. ಹಿಂದಿನ ಸಂಜೆ ಟೌನಿನಲ್ಲಿ ಈ ಬೆಕ್ಕನ್ನು ಹಿಡಿದು ಹರದನಹಳ್ಳಿಯ ಮನೆಗೆ ತಂದಿದ್ದ ಚೈತ್ರಳ ಅಪ್ಪ ದೊಡ್ಡಮಾದಯ್ಯ ಬೆಳಗಿನ ಐದಕ್ಕೆ ಎದೆನೋವೆಂದು ಜಗಲಿಯ ಮೇಲೆ ಕುಳಿತವನು ಮತ್ತೆ ಎದ್ದಿರಲಿಲ್ಲ.

*

ದೊಡ್ಡಮಾದಯ್ಯ ಚಾಮರಾಜನಗರದ ಅರಿಸಿನ ಗೋಡೌನುಗಳ ಸಾಲಿನಲ್ಲಿ ಮೂವತ್ತು ವರ್ಷ ಮೂಟೆ ಹೊತ್ತು, ಬೆನ್ನು ಸೋತ ಮೇಲೆ ಅಲ್ಲೇ ಕಾವಲಿಗಿದ್ದವನು. ಇಲಿಗಳಿಗಾಗಿ ಬಂದ ಬೆಕ್ಕುಗಳು ಅಲ್ಲಿ ಮರಿ ಹಾಕಿ ಹಾಕಿ, ಚೀಲಗಳ ಮೇಲೆಲ್ಲ ಉಚ್ಚೆ ವಾಸನೆಯಾಗಿತ್ತು. ಒಮ್ಮೆ ಅಂಗಡಿಯವರು ಇದ್ದಬದ್ದವನ್ನೆಲ್ಲ ಗೋಣಿಚೀಲಕ್ಕೆ ತುಂಬಿಸಿ ಹಂಗಳದ ಆಚೆ ಕಾಡಂಚಿನಲ್ಲಿ ಬಿಡಿಸಿ ಬಂದರು. ಮೂರು ತಿಂಗಳಲ್ಲಿ ಹೊಸ ಬೆಕ್ಕುಗಳು ಅದೇ ಚೀಲಗಳ ಮೇಲೆ ಮಲಗಿದ್ದವು.

"ಜಾಗ ಖಾಲಿ ಬುಟ್ರ ಬೇರೆವು ಬತ್ತವ ಸಾಮಿ," ಎಂದಿದ್ದ ದೊಡ್ಡಮಾದಯ್ಯ. "ಇರೋವ್ಕೇ ಮರಿ ಆಗ್ದಂಗ ಮಾಡ್ಸಿ ಇಲ್ಲೇ ಬುಡನ. ಅವೇ ಬೇರೆವ್ನ ಒಳಕ್ಕ ಬುಡದಿಲ್ಲ."

ಸಾಲಿನ ದೊಡ್ಡ ವ್ಯಾಪಾರಿ ಕುಮಾರಸ್ವಾಮಿ ನಕ್ಕಿದ್ದರು. "ಬೆಕ್ಕಿಗೂ ಫ್ಯಾಮಿಲಿ ಪ್ಲಾನಿಂಗಾ ಮಾದಯ್ಯ? ಆಧಾರ್ ಕಾರ್ಡೂ ಮಾಡ್ಸಿದ್ದೀಯಾ?"

ಮೂರು ತಿಂಗಳಿಗೊಮ್ಮೆ ಮೈಸೂರಿನಿಂದ ಪಶುವೈದ್ಯರ ತಂಡವೊಂದು ಟೌನಿಗೆ ಬಂದು ಕ್ಯಾಂಪ್ ಮಾಡುತ್ತಿತ್ತು. ದೊಡ್ಡಮಾದಯ್ಯ ದಿನಾ ಸಂಜೆ ಆರೂವರೆಗೆ ಬೆಕ್ಕುಗಳಿಗೆ ಊಟ ಹಾಕುತ್ತಿದ್ದ, ಅರ್ಧ ಗಂಟೆಗೆ ತಟ್ಟೆ ಎತ್ತಿ ತೊಳೆಯುತ್ತಿದ್ದ. ಅವಕ್ಕೆ ಹೊತ್ತು ತಿಳಿಯಿತು. ಹೊತ್ತು ತಿಳಿದ ಬೆಕ್ಕು ಬೋನಿಗೆ ಬೀಳುತ್ತದೆ. ಎರಡು ವರ್ಷದಲ್ಲಿ ಇಪ್ಪತ್ತೊಂದಕ್ಕೆ ಆಪರೇಷನ್ ಆಯಿತು. ಆದವುಗಳ ಎಡಗಿವಿಯ ತುದಿಯನ್ನು ವೈದ್ಯರು ಗುರುತಿಗೆಂದು ನೇರವಾಗಿ ಕತ್ತರಿಸುತ್ತಿದ್ದರು. ಬೂದುಬಣ್ಣದ್ದೊಂದು ಮಾತ್ರ ಪ್ರತಿಸಲವೂ ತಪ್ಪಿಸಿಕೊಂಡು, ವರ್ಷಕ್ಕೆರಡು ಸಲ ಮರಿ ಹಾಕುತ್ತಲೇ ಇತ್ತು.

"ಈ ಕ್ಯಾಂಪೇ ಕೊನೆ," ಎಂದಿದ್ದರು ಕುಮಾರಸ್ವಾಮಿ. "ಒಂದು ಉಳುದ್ರೂ ಎಲ್ಲಾವೂ ಹಂಗಳಕ್ಕೆ."

*

ಚೈತ್ರ ಕ್ಯಾಂಪಿಗೆ ಫೋನು ಮಾಡಿದಳು. ವೈದ್ಯೆ ಲೆಕ್ಕ ಹಾಕಿ ಹೇಳಿದರು: ಹಾಲು ಕುಡಿದು ಆರು ಗಂಟೆಯಾದರೂ ಆಗಬೇಕು, ನಾಲ್ಕಕ್ಕೆ ಮಾಡಬಹುದು, ಅದೇ ಈ ಕ್ಯಾಂಪಿನ ಕೊನೆಯ ಆಪರೇಷನ್, ಜೊತೆಗೆ ಒಬ್ಬರಿದ್ದು ವಾಪಸ್ ಒಯ್ಯಬೇಕು.

ಮಣ್ಣು ಮಾಡುವುದೂ ನಾಲ್ಕಕ್ಕೇ. ಗುಂಡ್ಲುಪೇಟೆಯ ನೆಂಟರು ಬರಬೇಕಿತ್ತು. ಗಂಡುಮಕ್ಕಳಿಲ್ಲದ್ದರಿಂದ ಮೊದಲ ಹಿಡಿ ಮಣ್ಣು ಚೈತ್ರಳದೇ ಎಂದು ಹಿರಿಯರು ಆಗಲೇ ತೀರ್ಮಾನಿಸಿದ್ದರು.

ಮಧ್ಯಾಹ್ನ ಹೆಣಕ್ಕೆ ಹಾರ ಹಾಕಿ ಕುಳಿತ ಕುಮಾರಸ್ವಾಮಿಯವರ ಬಳಿ, ಬೆಕ್ಕುಗಳನ್ನು ಕ್ಯಾಂಪಿಗೆ ಒಯ್ಯುತ್ತಿದ್ದ ಆಟೋ ಶಂಕರ್ ಬಗ್ಗಿದ. "ಸಾರ್, ಇನ್ನೊಂದ್ ಕ್ಯಾಂಪ್ ತಂಕ ಟೈಮ್ ಕೊಡಿ."

"ಸಾವಿನ ಮನೇಲಿ ಆ ಮಾತ್ಯಾಕಪ್ಪ? ನಾನೊಬ್ನೇ ಅಲ್ಲ, ಹದಿನಾರು ಅಂಗಡಿಯೋರು. ಊಟ ಹಾಕೋನೇ ಹೋದ್ಮೇಲೆ ನೋಡ್ಕೊಳ್ಳೋರು ಯಾರು?"

ಹೆಣದ ತಲೆದೆಸೆಯಲ್ಲಿದ್ದ ಚಿಕ್ಕಮಲ್ಲಮ್ಮ ಎದ್ದಳು. "ಆಟೋ ತಕ್ಕ ಬಾ ಶಂಕ್ರ. ಬೆಕ್ಕ ನಾನು ಕರ್ಕಂಡೋಯ್ತೀನಿ."

"ಒಡಹುಟ್ಟಿದೋಳು ಮಣ್ಗ ಇಲ್ದೆ ಬೆಕ್ಕ ಒತ್ಕಂಡೋದ್ರ ಜನ ಏನಂದರು ದೊಡ್ಡವ್ವ?" ಎಂದ ಅವಳ ಮೈದುನನ ಮಗ ನಾಗಯ್ಯ.

"ಉಪಾಸ ಕೆಡ್ಸ್ದೋಳು ನಾನು ಕನ. ಜನ ಕೆಡ್ಸುದ್ರಾ?"

ಅವಳು ತಮ್ಮನ ಬಾಯಿಗೆ ನಾಲ್ಕು ಕಾಳು ಅಕ್ಕಿ ಹಾಕಿದಳು. ಅವನ ಗಲ್ಲಕ್ಕೆ ಕಟ್ಟಿದ್ದ ಬಟ್ಟೆ ಸಡಿಲವಾಗಿದ್ದುದನ್ನು ಬಿಗಿ ಮಾಡಿದಳು. ಮೂರಕ್ಕೆ ಆಟೋ ಟೌನಿನ ಕಡೆ ಹೊರಟಿತು. ಬೋನು ತೊಡೆಯ ಮೇಲಿತ್ತು. ಮುಕ್ಕಾಲು ಗಂಟೆಯ ನಂತರ ತಮಟೆಯ ಸದ್ದಿನೊಂದಿಗೆ ಚಟ್ಟ ಹೊಲದ ಕಡೆ ಹೊರಟಿತು.

*

ಆರು ಗಂಟೆಗೆ, ಮಣ್ಣು ಮಾಡಿದವರು ಬೀದಿಯ ನಲ್ಲಿಯಲ್ಲಿ ಸ್ನಾನ ಮಾಡಿ, ದೀಪ ನೋಡಿ ಹೋಗಲು ಬಂದರು. ಹೆಣ ಮಲಗಿಸಿದ್ದ ಜಾಗದಲ್ಲಿ ಎಣ್ಣೆ ದೀಪ ಉರಿಯುತ್ತಿತ್ತು. ಅದರಿಂದ ಮೊಳದಾಚೆ ಗೋಡೆಗೆ ಒರಗಿಸಿ ಬೋನು ಇಟ್ಟಿತ್ತು. ಪಕ್ಕದಲ್ಲಿ ಚಿಕ್ಕಮಲ್ಲಮ್ಮ ಕುಳಿತಿದ್ದಳು.

ನಾಗಯ್ಯ ಹೊಸಿಲಲ್ಲೇ ನಿಂತ. "ಸಾವಿನ ದೀಪದ ಅತ್ರ ಬೆಕ್ಕಾ?"

"ಬೆಚ್ಚಗಿರೋ ಕಡೆ ಮಡಗಿ ಅಂದವ್ರ ಡಾಕ್ಟ್ರಮ್ಮ. ಕೊಟ್ಟಿಗೇಲಿ ತಣ್ಣಗದ."

ಕುಮಾರಸ್ವಾಮಿ ದೀಪಕ್ಕೆ ಕೈ ಮುಗಿದರು. ಆಮೇಲೆ ಪಂಚೆ ಎತ್ತಿ ಕುಕ್ಕುರುಗಾಲಲ್ಲಿ ಕುಳಿತು ಬೆಕ್ಕಿನ ಎಡಗಿವಿಯನ್ನು ನೋಡಿದರು. ತುದಿ ನೇರವಾಗಿ ಕತ್ತರಿಸಿತ್ತು.

"ನಾಳೆಯಿಂದ?" ಎಂದರು.

"ಊಟ ನಾನೇ ಆಕ್ತೀನಿ. ಆರೂವರೆಗಂತಲ್ಲ, ಶಂಕ್ರ ಕರ್ಕಂಡೋಯ್ತನ," ಎಂದಳು ಚಿಕ್ಕಮಲ್ಲಮ್ಮ, ತಲೆ ಎತ್ತದೆ.

ಅವರು ಎದ್ದು ಹಿಂದಿನವರಿಗೆ ದಾರಿ ಬಿಟ್ಟರು.

ಇಂಜೆಕ್ಷನ್ನಿನ ಮಂಪರು ಇನ್ನೂ ಇಳಿದಿರಲಿಲ್ಲ. ಮಲಗಿದ ಬೆಕ್ಕಿನ ಕಣ್ಣುಗಳು ತೆರೆದೇ ಇದ್ದವು, ರೆಪ್ಪೆ ಅಲುಗುತ್ತಿರಲಿಲ್ಲ. ಬೆಳಕು ನೇರ ಅವುಗಳೊಳಗೆ ಬೀಳುತ್ತಿತ್ತು. ಚಿಕ್ಕಮಲ್ಲಮ್ಮ ಅಂಗೈಯನ್ನು ದೀಪಕ್ಕೂ ಬೋನಿಗೂ ನಡುವೆ ಅಡ್ಡ ಹಿಡಿದಳು. ಒದ್ದೆ ತಲೆಯ ಗಂಡಸರು ಒಬ್ಬೊಬ್ಬರಾಗಿ ಬಂದು, ಆ ಕೈಯ ಈಚೆಗೆ ನಿಂತು, ದೀಪ ನೋಡಿ ಹೋದರು.